ಮೂರನೇ ಬಾಗಿಲ ಹತ್ತಿರ ನಿಂತವರು

ನಮ್ಮ ಊರಿನಲ್ಲಿ ಟಿವಿ ಕೊಳ್ಳಲು ಹೋದವರು ಬಣ್ಣ ಹೇಗಿದೆ, ಶಬ್ದ ಹೇಗಿದೆ ಎಂದು ಕೇಳುವುದಿಲ್ಲ. “ಹಿಂದ ನಿಂತವರು ನೆಟ್ಟಗ ಕಾಣ್ತಾರೇನ್ರೀ?” ಎಂದು ಕೇಳುತ್ತಾರೆ. ಅಂಗಡಿಯವನೂ ಅದಕ್ಕೆ ತಕ್ಕ ಹಾಗೆ ಟಿವಿ ಹಚ್ಚಿ, ಮುಂದೆ ನಿಂತವನ ಮುಖಕ್ಕೆ ಅಂಗೈ ಅಡ್ಡ ಹಿಡಿದು, ಮೂಲೆಯಲ್ಲಿರುವವರನ್ನಷ್ಟೇ ತೋರಿಸುತ್ತಾನೆ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಹಡಗಿನ ಧಾರಾವಾಹಿ ಬರುವ ಊರಿದು. ಸಮುದ್ರದ ಹಡಗಲ್ಲ, ನಕ್ಷತ್ರಗಳ ನಡುವೆ ಹೋಗುವ ಹಡಗು. ನಮ್ಮಲ್ಲಿ ಸತ್ತವರು ಅದರಲ್ಲಿ ಕೆಲಸಕ್ಕೆ ಸೇರುತ್ತಾರೆ.

ಅದರ ಕಥೆ ಏನೆಂದು ಮಾತ್ರ ನಮಗ್ಯಾರಿಗೂ ಗೊತ್ತಿಲ್ಲ. ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದ ಪರಊರಿನ ಹುಡುಗಿಯೊಬ್ಬಳು ನನ್ನ ಹಿಟ್ಟಿನ ಗಿರಣಿಗೆ ಗೋಧಿ ತಂದಾಗ, “ಆಂಟಿ, ಆ ಹಡಗು ಎಲ್ಲಿಗೆ ಹೋಗ್ತಿದೆ? ಯಾರ ಮೇಲೆ ಯುದ್ಧ ಮಾಡ್ತಿದ್ದಾರೆ?” ಎಂದು ಕೇಳಿದಳು. ಸಾಲಿನಲ್ಲಿ ಡಬ್ಬಿ ಹಿಡಿದು ನಿಂತವರೆಲ್ಲ ಮುಖ ಮುಖ ನೋಡಿಕೊಂಡರು. “ಅಯ್ಯ, ಯುದ್ಧ ನಡದೈತೇನ ಅಲ್ಲೆ?” ಎಂದು ಒಬ್ಬ ಮುದುಕಿ ಗಾಬರಿಯಾದಳು. ಆಕೆಯ ಗಂಡ ಹಡಗಿನಲ್ಲಿ ಊಟದ ತಟ್ಟೆ ತೊಳೆಯುತ್ತಾನೆ. ತಟ್ಟೆ ತೊಳೆಯುವವನ ಕೈ ನೋಡುತ್ತ ಕೂತವಳಿಗೆ ಯುದ್ಧ ಹೇಗೆ ಕಾಣಬೇಕು? ಒಬ್ಬ ಕ್ಯಾಪ್ಟನ್ ಇದ್ದಾನೆ, ಅಷ್ಟು ಗೊತ್ತು. ಅಗಲ ಭುಜ, ದೊಡ್ಡ ತಲೆ, ಬಾಯಿ ತೆರೆದರೆ ಭಾಷಣ. ಅವನ ಹೆಸರು ನನಗೆ ಇವತ್ತಿಗೂ ತಿಳಿಯದು, ತಿಳಿಯುವ ಆಸೆಯೂ ಇಲ್ಲ.

ನನ್ನ ಗಂಡ ಗುರುಪಾದಪ್ಪನವರು ಪೇಟೆಯಲ್ಲಿ ಕುಕ್ಕರ್, ಸ್ಟವ್, ಮಿಕ್ಸರ್ ರಿಪೇರಿ ಮಾಡುತ್ತಿದ್ದರು. ಮಾತು ಕಡಿಮೆ ಅಂದರೆ ಸಾಲದು. ಅವರಿಗೆ ಮಾತು ಬರುತ್ತದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಯಾರ ಮದುವೆಯ ಗುಂಪಿನ ಫೋಟೋ ನೋಡಿದರೂ ಅವರದು ಅರ್ಧ ಭುಜ, ಒಂದು ಕಿವಿ. ಸತ್ತದ್ದೂ ಹಾಗೆಯೇ. ಮಧ್ಯಾಹ್ನ ಅಂಗಡಿಯಲ್ಲಿ ಕುಕ್ಕರಿನ ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಹೋಗಿಬಿಟ್ಟರು. ಬಂದ ಗಿರಾಕಿಗಳು ಮಲಗಿದ್ದಾರೆಂದು ತಿಳಿದು, ಎಬ್ಬಿಸುವುದು ಬೇಡವೆಂದು ಸಾಮಾನು ಅಲ್ಲೇ ಇಟ್ಟು ಹೋದರು. ಸಂಜೆಗೆ ಅವರ ಸುತ್ತ ಸ್ಟವ್‌ಗಳ ಗುಡ್ಡೆಯೇ ಬಿದ್ದಿತ್ತು. ಎಷ್ಟು ಹೊತ್ತು ಒದ್ದಾಡಿದರೋ, ಯಾರನ್ನು ಕರೆದರೋ, ನನಗೆ ಗೊತ್ತಿಲ್ಲ. 

ಹಡಗಿನಲ್ಲಿ ಅವರು ಕಾಣಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ನಾನೂ ಅತ್ತೆ ಸಂಗವ್ವನವರೂ ವಾರ ವಾರ ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಕಡೆಗೊಂದು ಶನಿವಾರ ಕ್ಯಾಪ್ಟನ್ನನ ಬೆನ್ನ ಹಿಂದೆ, ಮೂರನೇ ಬಾಗಿಲ ಪಕ್ಕ, ಬೂದು ಬಣ್ಣದ ಅಂಗಿ ತೊಟ್ಟು ಗೋಡೆಯ ಮೀಟರ್ ನೋಡುತ್ತ ನಿಂತವರೊಬ್ಬರು ಎಡಗೈಯಿಂದ ಕತ್ತಿನ ಹಿಂಭಾಗ ಕೆರೆದುಕೊಂಡರು. “ಅವರೇ!” ಎಂದು ನಾನು ಕೂಗಿದ್ದು ಓಣಿಗೆಲ್ಲ ಕೇಳಿಸಿತಂತೆ. ಅವತ್ತು ನಾವು ಮನೆ ಮನೆಗೆ ಗೋಧಿ-ಬೆಲ್ಲದ ಮಾದಲಿ ಹಂಚಿದೆವು.

ಹಡಗಿನಲ್ಲಿ ಹಿಂದೆ ನಿಂತವರಿಗೆ ಆಯುಷ್ಯ ಜಾಸ್ತಿ. ಮುಂದೆ ಬಂದವರು ಉಳಿಯುವುದಿಲ್ಲ. ಹೆಸರು ಬಂತು, ಎರಡು ಮಾತು ಬಂತು, ‘ಊರಿಗೆ ಹೋಗಬೇಕು’ ಅಂದರು ಅಂದರೆ, ಮುಂದಿನ ವಾರ ಅವರ ಕಥೆ ಮುಗಿಯಿತು. ಆ ಮೇಲೆ ಎಲ್ಲಿಗೂ ಬರುವುದಿಲ್ಲ. ಆ ಮನೆಯವರು ಟಿವಿಯ ಮುಖವನ್ನು ಗೋಡೆಗೆ ತಿರುಗಿಸಿ, ಬರುವ ಅಮಾವಾಸ್ಯೆಯವರೆಗೆ ಹಾಗೆಯೇ ಬಿಡುತ್ತಾರೆ. ಆದರೆ ಮುಂದೆ ಬಾರದವರ ಧ್ವನಿ ಕೇಳುವುದಿಲ್ಲ. ಅವರ ಬಾಯಿ ಅಲ್ಲಾಡುತ್ತದೆ, ನಗುತ್ತಾರೆ, ಪಕ್ಕದವರಿಗೆ ಏನೋ ಅನ್ನುತ್ತಾರೆ, ಎಲ್ಲ ಕ್ಯಾಪ್ಟನ್ನನ ಭಾಷಣದಲ್ಲಿ ಮುಚ್ಚಿಹೋಗುತ್ತದೆ.

ಧ್ವನಿ ಕೇಳಲೇಬೇಕೆಂದರೆ ಅವರನ್ನು ಮುಂದೆ ತರುವುದು ನಮ್ಮ ಕೈಯಲ್ಲೇ ಇದೆ. ಭಾನುವಾರ ಬೆಳಿಗ್ಗೆ ಸೊಸೈಟಿಯ ಗೋದಾಮಿನಲ್ಲಿ ಮೆಚ್ಚುಗೆ ಸಭೆ ಸೇರುತ್ತದೆ. ಯಾರಾದರೂ ಎದ್ದು ನಿಂತು ಹಡಗಿನ ಹಿಂದಿನ ಸಾಲಿನವರೊಬ್ಬರ ಕೆಲಸವನ್ನು ಮೆಚ್ಚಿ ನಾಲ್ಕು ಮಾತು ಹೇಳಬೇಕು. ಸಭೆ ಚಪ್ಪಾಳೆ ತಟ್ಟಿದರೆ ಮುಂದಿನ ಶನಿವಾರ ಅವರು ಮುಂದೆ ಬರುತ್ತಾರೆ. ತಮ್ಮ ಮನೆಯವರನ್ನು ತಾವೇ ಮೆಚ್ಚುವಂತಿಲ್ಲ, ಬೇರೆಯವರೇ ಮೆಚ್ಚಬೇಕು. ಮನೆಯವರು ಎದ್ದು ‘ಬೇಡ’ ಅಂದರೆ ಚಪ್ಪಾಳೆ ಇಲ್ಲ. ನಾನಂತೂ ಪ್ರತಿ ಭಾನುವಾರ ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆ, ಯಾರಾದರೂ ನಮ್ಮವರ ಸುದ್ದಿ ಎತ್ತಿದರೆ ‘ಬೇಡ’ ಅನ್ನಲಿಕ್ಕೆ. ಯಾರೂ ಎತ್ತಲಿಲ್ಲ. ಅವರನ್ನು ಯಾರು ಗಮನಿಸಬೇಕು? ಅದೂ ಒಂದು ಸಮಾಧಾನವೇ ಆಗಿತ್ತು, ಸ್ವಲ್ಪ ಹೊಟ್ಟೆ ಉರಿಯೂ ಆಗುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಅತ್ತೆಯ ಕಣ್ಣು ಹೋಗತೊಡಗಿತು. ಮೊದಲು ಟಿವಿಗೆ ಮೂಗು ತಾಗಿಸಿ ಕೂತರು. ಆಮೇಲೆ ಅದೂ ಸಾಲದಾಯಿತು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಬೆಳಕು ಬಿಟ್ಟು ನೋಡಿ, ನರ ಒಣಗಿದೆ, ಆಪರೇಷನ್ನಿಗೂ ಬರುವುದಿಲ್ಲ ಎಂದರು. ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಉಳಿಯಿತು, ಅಷ್ಟೇ. ಶನಿವಾರ ಅವರ ಪಕ್ಕ ಕೂತು ನಾನು ಹೇಳಬೇಕಾಯಿತು. “ಈಗ ಮೀಟರ್ ನೋಡಾಕತ್ತಾರ, ಅತ್ತೀ. ಈಗ ಎಡಕ್ಕ ತಿರುಗಿದರು. ಈಗ ಕತ್ತ ಕೆರಕೊಂಡರು.” ಅತ್ತೆ ತಲೆ ಬಾಗಿಸಿ ಕೇಳುತ್ತಿದ್ದರು. ಒಂದು ದಿನ, “ಸಾಕ ಬಿಡವ್ವ ಕಸ್ತೂರಿ,” ಎಂದರು. “ನೀ ಹೇಳೂದು ರೇಡಿಯೋದಾಗ ಮಳಿ ಸುದ್ದಿ ಹೇಳಿದಂಗ ಆಗತೈತಿ. ನನಗ ನನ್ನ ಮಗನ ಧ್ವನಿ ಬೇಕು.”

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ನೆತ್ತಿಗೇರಿತು. “ತಲಿ ಗಿಲಿ ಕೆಟ್ಟೈತೇನ್ರೀ ಅತ್ತೀ? ಧ್ವನಿ ಕೇಳೂದಂದ್ರ ಏನು ಗೊತ್ತದ ಇಲ್ಲ? ಒಂದ ವಾರ ಮಾತಾಡ್ತಾರ, ಮುಂದಿನ ವಾರ ಇರಾಂಗಿಲ್ಲ.”

“ಗೊತ್ತೈತಿ.”

“ಗೊತ್ತಿದ್ದೂ ಕೇಳ್ತೀರಲ್ಲ! ಹೆತ್ತ ಹೊಟ್ಟಿ ಏನ್ರೀ ಅದು?”

“ನಿನಗ ಅವ ಇದ್ದಾನ. ವಾರಕ್ಕೊಮ್ಮೆ ಕಾಣ್ತಾನ,” ಎಂದರು ಅತ್ತೆ. ಅವರ ದನಿ ಏರಲಿಲ್ಲ. “ನನ್ನ ಪಾಲಿಗೆ ಯಾವಾಗೋ ಸತ್ತಾನ. ನಿನ್ನ ಬಾಯಾಗ ಬದುಕ್ಯಾನ ಅಷ್ಟ. ನಾ ಸಾಯೂದರಾಗ ಒಮ್ಮೆ ಅವ್ವಾ ಅನ್ನಲಿ, ಏನರ ಅನ್ನಲಿ, ಕೆಮ್ಮಲಿ. ಅಷ್ಟ ಸಾಕು.”

ಅವತ್ತಿನಿಂದ ಮಾತು ಬಿಟ್ಟೆವು. ನನ್ನ ಗಂಡ ಬದುಕಿದ್ದಾಗ ನಾನೂ ಅತ್ತೆಯೂ ಒಮ್ಮೆಯೂ ಹೀಗೆ ಜಗಳಾಡಿದವರಲ್ಲ. “ಅನ್ನ ಆಗೈತಿ, ಉಣ್ಣೂರು ಉಣಬೌದು,” ಎಂದು ನಾನು ಒಲೆಗೆ ಹೇಳುತ್ತಿದ್ದೆ. “ಉಪ್ಪು ಹೆಚ್ಚಾಗೈತಿ,” ಎಂದು ಅವರು ಕಂಬಕ್ಕೆ ಹೇಳುತ್ತಿದ್ದರು. ಶನಿವಾರ ನಾನು ಒಬ್ಬಳೇ ನೋಡುತ್ತಿದ್ದೆ. ಅವರು ಅಲ್ಲೇ ಕೂತಿರುತ್ತಿದ್ದರು, ನಾನು ಏನೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಕ್ಯಾಪ್ಟನ್ ಭಾಷಣ ಮಾಡುತ್ತಿದ್ದ. ನನ್ನ ಗಂಡ ಅಲ್ಲಿ ನಿಂತಿದ್ದಾರೆ, ನನಗಷ್ಟೇ ಕಾಣುತ್ತಿದ್ದಾರೆ ಎಂಬುದರಲ್ಲಿ ನನಗೆ ಒಂದು ಹಟದ ಸುಖವೂ ಇತ್ತು. ಸುಳ್ಳು ಯಾಕೆ ಹೇಳಲಿ?

ನಾನು ಗಿರಣಿಗೆ ಹೋದ ಹೊತ್ತಿನಲ್ಲಿ ಅತ್ತೆ ಗೋಡೆ ಸವರಿಕೊಂಡು ಓಣಿಯ ಮನೆಗಳಿಗೆ ಹೋಗಿಬರುತ್ತಿದ್ದಾರೆಂದು ಯಾರೋ ಹೇಳಿದರು. ಯಾಕೆ ಹೋಗುತ್ತಾರೆ ಎಂದು ಕೇಳಬೇಕಾಗಿರಲಿಲ್ಲ. ಸಭೆಯಲ್ಲಿ ಮಗನನ್ನು ಮೆಚ್ಚಿ ಮಾತಾಡಿರೆಂದರೆ ಎಲ್ಲರೂ ಇಲ್ಲ ಅಂದಿದ್ದರು. ನನ್ನ ಬಾಯಿಗೆ ಹೆದರಿ ಅಂದಿರಬೇಕು. ಕಡೆಗೆ ಅವರು ಹೋದದ್ದು ಪದ್ದಕ್ಕನ ಮನೆಗೆ.

ಪದ್ದಕ್ಕ ಹಪ್ಪಳ ಮಾಡಿ ಮಾರುವವರು. ಅವರ ಮಗಳು ವೈಜು ಮೂರನೇ ಬಾಗಿಲ ಇನ್ನೊಂದು ಪಕ್ಕದಲ್ಲಿ, ನಮ್ಮವರ ಎದುರಿಗೇ, ಲೆಕ್ಕದ ಯಂತ್ರದ ಮುಂದೆ ಕೂತಿರುತ್ತಿದ್ದಳು. ಸಭೆ ಅವಳನ್ನು ಮೆಚ್ಚಿತು. ಒಂದು ವಾರವಾದರೂ ಮಗಳ ಧ್ವನಿ ಕೇಳುತ್ತದೆಂದು ಹಿಗ್ಗಿ ಪದ್ದಕ್ಕ ಬೇಡ ಅನ್ನಲಿಲ್ಲ. ವೈಜು ಕ್ಯಾಪ್ಟನ್ನನ ಜೊತೆ ಮಾತಾಡಿದಳು, ಒಂದು ಫೋಟೋ ತೋರಿಸಿ ನಕ್ಕಳು. ಮುಂದಿನ ವಾರ ಯಾವುದೋ ಹಾಳು ಗ್ರಹದಲ್ಲಿ ಇಳಿದಾಗ ನೆಲವೇ ಬಾಯಿ ತೆರೆದು ಅವಳನ್ನು ನುಂಗಿತು. ಆ ಅಮಾವಾಸ್ಯೆ ಕಳೆದ ಮೇಲೂ ಪದ್ದಕ್ಕ ಸಭೆಗೆ ಬಂದವರಲ್ಲ. ಹಾಗಾಗಿ ಅವರು ಒಪ್ಪಲಾರರು ಎಂದುಕೊಂಡು ನಾನು ನಿಶ್ಚಿಂತೆಯಿಂದಿದ್ದೆ.

ಒಂದು ಭಾನುವಾರ ಪದ್ದಕ್ಕ ಸಭೆಗೆ ಬಂದು ಬಾಗಿಲ ಹತ್ತಿರವೇ ನಿಂತರು. ಅತ್ತೆ ಅವರ ಕೈ ಹಿಡಿದುಕೊಂಡಿದ್ದರು. 

“ನಾ ಮೂರನೇ ಬಾಗಿಲ ಹತ್ರ ನಿಲ್ಲೋ ಮನಷ್ಯಾನ ಬಗ್ಗೆ ಮಾತಾಡಾಕ ಬಂದೀನ್ರೀ,” ಎಂದರು ಪದ್ದಕ್ಕ. “ಅವರ ಹೆಸರು ಗುರುಪಾದಪ್ಪ. ಅವರು ಏನ ಮಾಡ್ತಾರ ಅಂತ ಇಲ್ಲಿ ಯಾರೂ ನೋಡಿಲ್ಲ. ನಾ ನೋಡೀನಿ. ಯಾಕಂದ್ರ ನನ್ನ ಮಗಳು ಹೋದ ಮ್ಯಾಲೂ ನಾ ಅಕಿ ಕುಂಡ್ರೋ ಜಾಗಾನ ನೋಡತೀನಿ. ಬ್ಯಾರೆ ಏನೈತಿ ನನಗ ನೋಡಾಕ? ಆ ಕುರ್ಚಿ ಈಗೂ ಖಾಲಿ ಐತಿ. ಹೆಂಗ ಖಾಲಿ ಐತಿ ಅಂತ ಯಾರರ ವಿಚಾರ ಮಾಡೀರೇನು? ಯಾರರ ಅಲ್ಲಿ ಕುಂಡ್ರಾಕ ಬಂದ್ರಂದ್ರ ಗುರುಪಾದಪ್ಪ ಒಂದ ಅರಿವಿ ತಗೊಂಡು ಬಂದು ಆ ಯಂತ್ರ ಒರಸಾಕ ಹತ್ತತಾರ. ಬಂದವರು ನಿಂತು ನಿಂತು ಸಾಕಾಗಿ ಹೋಗ್ತಾರ. ಅವರೂ ಅರಿವಿ ಮಡಚಿ ತಮ್ಮ ಬಾಗಿಲಕ್ಕ ಹೊಳ್ಳಿ ಹೋಗ್ತಾರ. ವಾರ ವಾರ ಹಿಂಗ. ನಾ ಕೇಳಿಲ್ಲ, ಯಾರೂ ಹೇಳಿಲ್ಲ. ಮುಂದ ಕ್ಯಾಪ್ಟನ್ ಏನ ಕಡದು ಗುಡ್ಡಿ ಹಾಕ್ತಾನೋ ನನಗ ಗೊತ್ತಿಲ್ಲರೀ. ಹಡಗಿನಾಗ ಹಿರೇ ಮನಷ್ಯಾ ಅಂದ್ರ ನನ್ನ ಪಾಲಿಗೆ ಇವರ.”

 ಅಧ್ಯಕ್ಷರು ನನ್ನ ಕಡೆ ತಿರುಗಿ, “ಮನಿಯವರು ಏನಂತೀರಿ?” ಎಂದರು.

ನಾನು ಎದ್ದು ನಿಂತೆ. ‘ಬೇಡ’ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲೆಂದೇ ಇಷ್ಟು ದಿನ ಬಂದು ಕೂತವಳು ನಾನು. ಆದರೆ ಅವರ ಬಗ್ಗೆ ಯಾರಾದರೂ ಇಷ್ಟು ಮಾತಾಡಿದ್ದು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ತವರಿನವರು, ಪೇಟೆಯ ಜನ, ಯಾರಾದರೂ ಒಂದು ಒಳ್ಳೆಯ ಮಾತು ಆಡಿಯಾರೆಂದು ಕಾದು ಕಾದು ಬಿಟ್ಟುಬಿಟ್ಟಿದ್ದೆ. ಮತ್ತೆ ಇನ್ನೊಂದು. ವಾರ ವಾರ ಅವರನ್ನೇ ನೋಡುತ್ತಿದ್ದೆನಲ್ಲ, ಅವರು ಅರಿವೆ ತೆಗೆದುಕೊಂಡು ಆಚೆ ಹೋಗುವುದನ್ನೂ ನೋಡಿದ್ದೆ. ಒರೆಸುತ್ತಿದ್ದಾರೆ ಎಂದುಕೊಂಡಿದ್ದೆ. ಅತ್ತೆಗೂ ಹಾಗೆಯೇ ಹೇಳಿದ್ದೆ. ಅವರನ್ನು ನನ್ನಷ್ಟು ಬಲ್ಲವರಿಲ್ಲ ಎಂದು ಮೆರೆದವಳಿಗೆ ಹಪ್ಪಳದ ಪದ್ದಕ್ಕ ಬಂದು ನನ್ನ ಗಂಡ ಎಂಥವರೆಂದು ಹೇಳಬೇಕಾಯಿತು.  ಹೆಮ್ಮೆ ಎನ್ನುವುದು ಇಷ್ಟು ನೋಯುತ್ತದೆಂದು ನನಗೆ ಗೊತ್ತಿರಲಿಲ್ಲ. ಏನೂ ಹೇಳದೆ ಕೂತುಬಿಟ್ಟೆ.

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅದು ಮುಗಿಯುವ ಹೊತ್ತಿಗೆ ನನಗೆ ಎಚ್ಚರ ಬಂದಂತಾಗಿ ಮತ್ತೆ ಎದ್ದೆ. “ಬ್ಯಾಡ್ರೀ! ನಾ ಬ್ಯಾಡ ಅನ್ನಾಕ ಹತ್ತಿದ್ದೆ!” ಎಂದು ಕೂಗಿದೆ. ಅಧ್ಯಕ್ಷರು ತಲೆ ತಗ್ಗಿಸಿದರು. ತಟ್ಟಿದ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಶನಿವಾರ ಅತ್ತೆ ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು ಟಿವಿಯ ಮುಂದೆ ಕೂತರು. ನಾನು ಹಿಂದೆ ಬಾಗಿಲಿಗೆ ಒರಗಿ ನಿಂತೆ. ಹಡಗಿನಲ್ಲಿ ಏನೋ ಕೆಟ್ಟಿತ್ತು, ಕೆಂಪು ದೀಪ ಬಡಿದುಕೊಳ್ಳುತ್ತಿತ್ತು. ಕ್ಯಾಪ್ಟನ್ ಎಲ್ಲರನ್ನೂ ದಾಟಿಕೊಂಡು ಮೂರನೇ ಬಾಗಿಲ ಹತ್ತಿರ ಬಂದ. ನನ್ನ ಗಂಡನ ಮುಖ ಮೊದಲ ಸಲ ಇಡೀ ಟಿವಿ ತುಂಬ ಬಂತು. ಸೊರಗಿದ್ದರು. ಗಡ್ಡದಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು.

“ನಿಮ್ಮ ಹೆಸರೇನು?” ಎಂದು ಕೇಳಿದ ಕ್ಯಾಪ್ಟನ್. ಇಷ್ಟು ವರ್ಷ ಬೆನ್ನ ಹಿಂದೆ ನಿಂತವರ ಹೆಸರು ಅವನಿಗೆ ಗೊತ್ತಿರಲಿಲ್ಲ.

“ಗುರುಪಾದಪ್ಪ, ಸರ್.”

ಅತ್ತೆಯ ಎರಡೂ ಕೈ ಮೇಲೆದ್ದು ಹಾಗೇ ಗಾಳಿಯಲ್ಲಿ ನಿಂತವು.

“ಮನೆಯಲ್ಲಿ ಯಾರಿದ್ದಾರೆ, ಗುರುಪಾದಪ್ಪ?”

“ಅವ್ವ ಅದಾಳ್ರೀ. ನಮ್ಮ ಮನಿಯಾಕಿ ಕಸ್ತೂರಿ ಅದಾಳ.” ಅವರು ಸ್ವಲ್ಪ ತಡೆದರು. ಮಾತು ಹುಡುಕುವಾಗ ಹಾಗೆ ತಡೆಯುವುದು ಅವರ ಪದ್ಧತಿಯೇ. “ಇಬ್ಬರೂ ಭಾಳ ಛಲೋ ಇದ್ದರ್ರೀ. ಈಗ ನನ್ನ ಸಂಬಂಧ ಜಗಳಾಡಿ ಮಾತು ಬಿಟ್ಟಾರ. ಒಬ್ಬಾಕಿ ಒಲಿಗೆ ಹೇಳ್ತಾಳ, ಒಬ್ಬಾಕಿ ಕಂಬಕ್ಕ ಹೇಳ್ತಾಳ.”

ಕ್ಯಾಪ್ಟನ್ ಗಹಗಹಿಸಿ ನಕ್ಕ.  ಇಲ್ಲಿಂದ ನಾವು ಅವರನ್ನು ನೋಡುತ್ತೇವೆಂದು ತಿಳಿದಿದ್ದೆವೇ ಹೊರತು, ಅಲ್ಲಿಂದ ಅವರಿಗೆ ನಾವು ಕಾಣುತ್ತೇವೆಂದು ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ನಾ ಒಮ್ಮೆ ಊರಿಗೆ ಹೋಗಬೇಕ್ರೀ ಸರ್,” ಎಂದರು ಅವರು. “ಹೋಗಿ ಇಬ್ಬರನೂ ಕುಂಡ್ರಿಸಿ ಬಗಿಹರಸಬೇಕು.”

“ಅನ್ನಬ್ಯಾಡ್ರೀ! ಅದನ್ನೊಂದು ಅನ್ನಬ್ಯಾಡ್ರೀ!” ಎಂದು ನಾನು ಟಿವಿಯ ಕಡೆ ಓಡಿದೆ. ಅಂದಾಗಿತ್ತು. ಅವರು ಕೆಮ್ಮಿ, ಕತ್ತು ಕೆರೆದುಕೊಂಡು ಮೀಟರಿನ ಕಡೆ ತಿರುಗಿದರು.

ಅತ್ತೆ ಎತ್ತಿದ ಕೈಗಳನ್ನು ಮಡಿಲಿಗೆ ಇಳಿಸಿದರು. ಆಮೇಲೆ, “ನೆಗಡಿ ಆಗೈತಿ ಅವಗ,” ಎಂದರು. ನನಗೇ ಹೇಳಿದರು, ಕಂಬಕ್ಕಲ್ಲ. “ಧ್ವನಿ ಬಿದ್ದೈತಿ, ಕೇಳಿದಿಲ್ಲೊ?”

“ಹೌದ್ರೀ ಅತ್ತೀ,” ಎಂದೆ.

ಆ ವಾರ ಅತ್ತೆ ಮುದುಡಿ ಹೋದರು. ಧ್ವನಿ ಕೇಳಿದ ಸಂತೋಷ ಒಂದು ದಿನವೂ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಒಲೆಯ ಮುಂದೆ ತಡಕಾಡಿ ಮೆಣಸು ಶುಂಠಿ ಕುದಿಸಿ, ಲೋಟವನ್ನು ಟಿವಿಯ ಮುಂದೆ ಇಡುತ್ತಿದ್ದರು. ಆರಿದ ಮೇಲೆ ನಾನು ಅದನ್ನು ತುಳಸಿಯ ಬುಡಕ್ಕೆ ಚೆಲ್ಲುತ್ತಿದ್ದೆ. ಸಿಟ್ಟು ಮಾಡಬೇಕೆಂದರೂ ನನ್ನಲ್ಲಿ ಸಿಟ್ಟು ಉಳಿದಿರಲಿಲ್ಲ. ಅಧ್ಯಕ್ಷರ ಮನೆಗೆ ಕರೆದುಕೊಂಡು ಹೋಗೆಂದು ಒಮ್ಮೆ ಅತ್ತರು. ಹೋದೆವು. ಅಧ್ಯಕ್ಷರು ಇಬ್ಬರಿಗೂ ಚಹ ಕೊಟ್ಟರು, ಬೇರೆ ಏನೂ ಅವರ ಕೈಯಲ್ಲಿರಲಿಲ್ಲ. “ನನ್ನ ಕೈಯಾರೆ ಕೊಂದೆನೇನ ಕಸ್ತೂರಿ?” ಎಂದು ಬರುವ ದಾರಿಯಲ್ಲಿ ಅತ್ತೆ ಕೇಳಿದರು. “ನಾ ಕುಂತೆನಲ್ಲರೀ ಅತ್ತೀ, ನಾನೂ ಸುಮ್ಮನ ಕುಂತೆ,” ಎಂದೆ. ಹೇಳಲು ನನ್ನಲ್ಲಿ ಇದ್ದದ್ದೇ ಅಷ್ಟು.

ಮುಂದಿನ ಶನಿವಾರ ಟಿವಿ ಹಚ್ಚುವುದೇ ಬೇಡ ಎಂದೆ ನಾನು. ಅತ್ತೆ ಕೇಳಲಿಲ್ಲ. “ಆವತ್ತ ಅಂಗಡ್ಯಾಗ ಅವನ ಹತ್ರ ಯಾರೂ ಇರಲಿಲ್ಲ. ಇವತ್ತರ ಇರೂಣು. ನೀ ನೋಡು, ನನಗ ಹೇಳು. ಇದ್ದದ್ದು ಇದ್ದಂಗ ಹೇಳಬೇಕು. ಮುದುಕಿಗೆ ತ್ರಾಸ ಆಗತೈತಿ ಅಂತ ಒಂದ ಅಕ್ಷರ ಮುಚ್ಚಿಟ್ಟಿ ಅಂದ್ರ ನನ್ನ ಆಣಿ.”

ನಾನು ಅವರಿಗೆ ಒತ್ತಿಕೊಂಡು ಕೂತು ಹೇಳಲು ಸುರು ಮಾಡಿದೆ. ಹಡಗಿನ ಒಂದು ಪಕ್ಕ ಒಡದೈತಿ, ಅತ್ತೀ. ಜನ ಓಡಾಕತ್ತಾರ. ಎಲ್ಲರೂ ಮೂರನೇ ಬಾಗಿಲಕ್ಕ ಬರಾಕತ್ತಾರ. ನಿಮ್ಮ ಮಗ ಬಾಗಿಲ ಹಿಡಕೊಂಡು ನಿಂತಾರ. ಒಬ್ಬೊಬ್ಬರನ್ನ ತೋಳ ಹಿಡಿದು ಆಚೆ ದಾಟಸಾಕತ್ತಾರ. ತಟ್ಟೆ ತೊಳೆಯೋ ಅಜ್ಜ ದಾಟಿದ. ಕ್ಯಾಪ್ಟನ್ ದಾಟಿದ. ಈಗ ಬಾಗಿಲ ಮುಚ್ಚವಲ್ಲದು. ಆಚೆಯಿಂದ ಎಲ್ಲರೂ ಎಳಿಯಾಕತ್ತಾರ, ಬರವಲ್ಲದು. ನಿಮ್ಮ ಮಗ ಬಗ್ಗಿ ಕೆಳಗ ಏನೋ ನೋಡಿದರು. ಕುಕ್ಕರ್ ಕೆಟ್ಟಾಗ ನೋಡತಿದ್ದರಲ್ಲ, ಹಂಗ. ಅದು ಈಚೆಯಿಂದ ಮುಚ್ಚಬೇಕಾದ ಬಾಗಿಲ, ಅತ್ತೀ.

“ಮುಚ್ಚಿದನೇನು?”

“ಮುಚ್ಚಿದರು.”

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ಹೇಳು. ನಿಲ್ಲಸಬ್ಯಾಡ.”

“ಬಾಗಿಲದಾಗ ಒಂದು ದುಂಡನ ಗಾಜು ಐತಿ. ಅದರಾಗಿಂದ ಕಾಣಾಕತ್ತಾರ. ಒಬ್ಬರ ಅದಾರ. ಹಿಂದ ಬೆಂಕಿ ಕಾಣತೈತಿ. ಅರಿವಿ ತಗೊಂಡು ಮುಖ ಒರಸಿಕೊಂಡರು. ಈಗ ಗಾಜಿನ ಹತ್ರ ಬಂದರು. ಈ ಕಡೆ ನೋಡಾಕತ್ತಾರ. ಏನೋ ಅನ್ನಾಕತ್ತಾರ, ಕೇಳಸವಲ್ಲದು.”

“ನಮ್ಮನ್ನ ನೋಡಾಕತ್ತಾನೇನು?”

“ಹೌದ್ರೀ. ನಮ್ಮನ್ನ.”

ಅಷ್ಟರಲ್ಲಿ ಕ್ಯಾಪ್ಟನ್ನನ ಮುಖ ಬಂತು. ಟಿವಿಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅವನ ಮುಖವೇ. ಬಾಗಿಲು ಎಲ್ಲೋ ಅದರ ಹಿಂದೆ ಉಳಿಯಿತು. ಅವನ ಕಣ್ಣಿನಲ್ಲಿ ನೀರು ನಿಧಾನವಾಗಿ ತುಂಬಿಕೊಂಡಿತು, ತುಟಿ ನಡುಗಿತು, ಸಂಗೀತ ಸುರುವಾಯಿತು. ನಾನು ಎದ್ದು ಹೋಗಿ ಟಿವಿಯ ಪಕ್ಕದಿಂದ ಇಣುಕಿದೆ, ಅವನ ಕಿವಿಯ ಹಿಂದೆ ಏನಾದರೂ ಕಾಣುತ್ತದೆಯೋ ಎಂದು. ಹುಚ್ಚಿಯ ಹಾಗೆ ಗಾಜಿನ ಮೇಲೆ ಅಂಗೈ ಬಡಿದೆ.

“ಈಗ ಏನ ಮಾಡಾಕತ್ತಾನ?” ಎಂದು ಅತ್ತೆ ಕೇಳಿದರು. “ಕಸ್ತೂರಿ, ಹೇಳವ್ವ. ನನ್ನ ಮಗ ಈಗ ಏನ ಮಾಡಾಕತ್ತಾನ?”

“ನನಗೂ ಕಾಣವಲ್ರು, ಅತ್ತೀ.”

ಅತ್ತೆ ಕೈಚಾಚಿ ಗಾಳಿಯಲ್ಲಿ ನನ್ನನ್ನು ಹುಡುಕಿದರು. ನಾನು ಹೋಗಿ ಅವರ ಪಕ್ಕ ಕೂತೆ. ಕ್ಯಾಪ್ಟನ್ ಇನ್ನೂ ಅಳುತ್ತಲೇ ಇದ್ದ.